ದುಡಿಯಿಂದ ಬರ್ನಂ ವನದವರೆಗೆ: ಬಿ.ವಿ. ಕಾರಂತರ ರಂಗಜೀವನ

1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ದುರಂತ ನಾಟಕವನ್ನು ‘ಬರ್ನಂ ವನ’ ಎಂಬ ಹೆಸರಿನಲ್ಲಿ ರಂಗಕ್ಕೆ ತಂದಿತು. ಕಥೆ ಸ್ಕಾಟ್ಲೆಂಡಿನದು, ಮಾತು ಹಿಂದಿಯದು. ಆದರೆ ನಟರ ಹೆಜ್ಜೆಗಳನ್ನು ಆಳಿದ ಲಯ ಕನ್ನಡ ಕರಾವಳಿಯ ಯಕ್ಷಗಾನದ್ದಾಗಿತ್ತು. ನಿರ್ದೇಶಕರು ಬಾಬುಕೋಡಿ ವೆಂಕಟರಮಣ ಕಾರಂತ. ಭಾರತೀಯ ರಂಗಭೂಮಿ ಅವರನ್ನು ಬಿ.ವಿ. ಕಾರಂತರೆಂದು ಬಲ್ಲದು. ಪರನಾಡಿನ ದುರಂತವೊಂದನ್ನು ತಾಳವಾದ್ಯದ ಬಲದಿಂದ ತನ್ನದಾಗಿಸಿಕೊಳ್ಳಬಹುದೆ, ಹಾಗೆ ಮಾಡುವಾಗ ಅದರ ಒಳನೋವು ಉಳಿದೀತೆ ಎಂಬ ಪ್ರಶ್ನೆಯನ್ನು ಈ ಪ್ರಯೋಗ ಎತ್ತಿತು. ಹಿಂತಿರುಗಿ ನೋಡಿದಾಗ ಕಾರಂತರ ಅದುವರೆಗಿನ ಬದುಕೆಲ್ಲವೂ ಆ ಪ್ರಶ್ನೆಯನ್ನು ಎದುರಿಸುವುದಕ್ಕೆ ನಡೆದ ಸಿದ್ಧತೆಯಂತೆ ತೋರುತ್ತದೆ.

ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದಲ್ಲಿ. ಆ ಕಾಲದಲ್ಲಿ ಬಂಟ್ವಾಳವೂ ಕಾಸರಗೋಡೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯೊಳಗಿದ್ದವು. ಅವುಗಳ ನಡುವೆ ರಾಜ್ಯದ ಗಡಿರೇಖೆ ಬಿದ್ದದ್ದು 1956ರ ನವೆಂಬರ್ 1ರಂದು. ಚೆಂಡೆಯ ಸದ್ದಿಗೆ ಮಾತ್ರ ಅಂದೂ ಗಡಿಯಿರಲಿಲ್ಲ, ಇಂದೂ ಇಲ್ಲ. ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡಿರುವ ಕುಂಬಳೆಯ ಸೀಮೆಗೂ ಮಂಚಿಯ ಸೀಮೆಗೂ ಹಿಮ್ಮೇಳ ಒಂದೇ, ಪ್ರಸಂಗಗಳೂ ಅವೇ. ಗದ್ದೆಯ ಕೊಯಿಲು ಮುಗಿದ ಮೇಲೆ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆಟ, ದೇವಸ್ಥಾನದ ಉತ್ಸವದ ವಾದ್ಯ, ಭೂತಕೋಲದ ಅಬ್ಬರ ಇವುಗಳ ನಡುವೆ ಬೆಳೆಯುವ ಹುಡುಗನಿಗೆ ನಾಟಕವೆಂಬುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸುತ್ತದೆ. ದೂರದ ಬಯಲಿನಿಂದ ಬರುವ ಚೆಂಡೆಯ ಪೆಟ್ಟು ಇಂದು ಆಟವಿದೆಯೆಂದು ಊರಿಗೆ ಸಾರುತ್ತದೆ. ಕಾರಂತರ ರಂಗಪ್ರಜ್ಞೆಯ ತಳಪಾಯ ಬಿದ್ದದ್ದು ಇಂತಹ ನಾಡಿನಲ್ಲಿ.

ಶಾಲೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಬಣ್ಣ ಹಚ್ಚಿದ ಬಾಲಕನಿಗೆ ರಂಗದ ಗೀಳು ಅಂಟಿತು. ಆ ಗೀಳು ಎಷ್ಟು ಬಲವಾಗಿತ್ತೆಂದರೆ, ಇನ್ನೂ ಎಳೆಯ ವಯಸ್ಸಿನಲ್ಲಿಯೇ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರುವಂತೆ ಮಾಡಿತು. ಮುಂದೆ ವರನಟರೆನಿಸಿದ ರಾಜ್‌ಕುಮಾರರೂ ಪಳಗಿದ ಕಂಪನಿಯದು. ಅಲ್ಲಿ ನಾಟಕವೆಂದರೆ ಸಂಗೀತವೇ ಆಗಿತ್ತು. ಹಾರ್ಮೋನಿಯಂ ಮತ್ತು ತಬಲಾ ಇಲ್ಲದೆ ಪರದೆ ಮೇಲೇಳುತ್ತಿರಲಿಲ್ಲ. ಪ್ರೇಕ್ಷಕರು ಮೆಚ್ಚಿದ ಹಾಡನ್ನು ಮತ್ತೆ ಹಾಡಿಸದೆ ಕಥೆ ಮುಂದೆ ಸಾಗುತ್ತಿರಲಿಲ್ಲ. ಹಾಡು ಪ್ರೇಕ್ಷಕರನ್ನು ಹೇಗೆ ಹಿಡಿದಿಡುತ್ತದೆ ಎಂಬುದು ಈ ಹುಡುಗನಿಗೆ ಇಲ್ಲಿ ತಿಳಿಯಿತು. ಅದೇ ಹಾಡು ಕೆಲವೊಮ್ಮೆ ನಾಟಕವನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ ಎಂಬುದನ್ನು ಅರಿಯುವುದಕ್ಕೂ ಕಂಪನಿಯೇ ಪಾಠಶಾಲೆ. ಈ ಎರಡನೆಯ ಪಾಠ ಮುಂದೆ ಅವರ ರಂಗಸಂಗೀತದ ಬೆನ್ನೆಲುಬಾಯಿತು.

ಹುಡುಗನ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಅವನನ್ನು ಹೆಚ್ಚಿನ ಓದಿಗೆಂದು ಕಾಶಿಗೆ ಕಳುಹಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿ ಎಂ.ಎ. ಪದವಿಗಾಗಿ ಓದಿದರು. ಅಲ್ಲಿಯೇ ಪಂಡಿತ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ 1962ರಲ್ಲಿ ಪದವೀಧರರಾದರು. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಹೀಗೆ ನಲವತ್ತರ ವಯಸ್ಸಿಗೆ ಬರುವಷ್ಟರಲ್ಲಿ ಅವರೊಳಗೆ ನಾಲ್ಕು ಬಗೆಯ ನಾದಗಳು ಸೇರಿಕೊಂಡಿದ್ದವು: ಬಯಲಾಟದ ಚೆಂಡೆ, ಕಂಪನಿಯ ಹಾರ್ಮೋನಿಯಂ, ಕಾಶಿಯ ಆಲಾಪ, ಮಕ್ಕಳ ಗಲಾಟೆ. ಯಾವುದನ್ನೂ ಅವರು ಮೇಲು ಕೀಳೆಂದು ವಿಂಗಡಿಸಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ಕಾರಂತರು ಕನ್ನಡದ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ರವೀಂದ್ರ ಕಲಾಕ್ಷೇತ್ರದ ಬಯಲು ರಂಗದಲ್ಲಿ ಪ್ರದರ್ಶನಗೊಂಡ ಮೂರು ನಾಟಕಗಳು ಇಂದಿಗೂ ಕನ್ನಡ ರಂಗಚರಿತ್ರೆಯ ಮೈಲಿಗಲ್ಲುಗಳು: ಪಿ. ಲಂಕೇಶರು ಕನ್ನಡಕ್ಕೆ ತಂದ ಸೊಫೊಕ್ಲಿಸನ ‘ಈಡಿಪಸ್’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಲಂಕೇಶರದೇ ಆದ ‘ಸಂಕ್ರಾಂತಿ’. ಒಂದು ಗ್ರೀಕ್ ದುರಂತ, ಒಂದು ಉತ್ತರ ಕರ್ನಾಟಕದ ಬಯಲಾಟದ ಮಟ್ಟಿನ ನಾಟಕ, ಒಂದು ಹನ್ನೆರಡನೆಯ ಶತಮಾನದ ಶರಣರ ಕಾಲದ ಕಥೆ. ಈ ಮೂರನ್ನೂ ಒಂದೇ ಆಕಾಶದ ಕೆಳಗೆ ನಿಲ್ಲಿಸಿದ್ದರಲ್ಲಿ ಒಂದು ನಿಲುವಿತ್ತು. ಥೀಬ್ಸ್ ನಗರದ ಮೇಳಕ್ಕೂ ಬಯಲಾಟದ ಮೇಳಕ್ಕೂ ಇರುವ ನಂಟು ಪುಸ್ತಕದ ಹೋಲಿಕೆಯಷ್ಟೇ ಅಲ್ಲ, ರಂಗದ ಮೇಲೆ ಕಂಡು ಕೇಳಬಹುದಾದ ಸತ್ಯವೆಂಬುದು ಆ ನಿಲುವು. ಪತ್ನಿ ಪ್ರೇಮಾ ಕಾರಂತರೂ ರಂಗಕರ್ಮಿ. ಮುಂದೆ ‘ಫಣಿಯಮ್ಮ’ ಚಿತ್ರವನ್ನು ನಿರ್ದೇಶಿಸಿ ಹೆಸರಾದವರು. ‘ಬೆನಕ’ ತಂಡದ ಮೂಲಕ ಇವರ ನಾಟಕಗಳು ಕನ್ನಡ ನಾಡಿನ ಮನೆಮಾತಾದವು.

ಕಾರಂತರ ಕಲೆಯಲ್ಲಿ ತಾಳವಾದ್ಯಕ್ಕಿದ್ದ ಸ್ಥಾನವನ್ನು ತಿಳಿಯಲು 1975ರ ‘ಚೋಮನ ದುಡಿ’ ಚಲನಚಿತ್ರವನ್ನು ನೋಡಬೇಕು. ಶಿವರಾಮ ಕಾರಂತರ 1933ರ ಕಾದಂಬರಿ ಅದಕ್ಕೆ ಆಧಾರ. ಅಸ್ಪೃಶ್ಯನೆನಿಸಿಕೊಂಡ ಜೀತದಾಳು ಚೋಮನಿಗೆ ಇರುವುದು ಒಂದೇ ಆಸೆ, ತನ್ನದೇ ತುಂಡು ಭೂಮಿಯಲ್ಲಿ ಬೇಸಾಯ ಮಾಡುವುದು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ; ಜಾತಿಯ ಕಟ್ಟಳೆ ನೆಲವನ್ನು ಕೊಡುವುದಿಲ್ಲ. ಸಾಲ ಕೊಲ್ಲುತ್ತದೆ, ರೋಗ ಕೊಲ್ಲುತ್ತದೆ, ನೀರಲ್ಲಿ ಮುಳುಗುವ ಮಗನನ್ನು ಮೇಲ್ಜಾತಿಯವರ ಮಡಿ ಕೊಲ್ಲುತ್ತದೆ. ಚೋಮನ ಬಳಿ ದೂರು ಹೇಳುವುದಕ್ಕೆ ಭಾಷೆಯಿಲ್ಲ, ಕೇಳುವುದಕ್ಕೆ ಕಿವಿಗಳೂ ಇಲ್ಲ. ಇರುವುದು ದುಡಿ ಮಾತ್ರ. ಸಂತೋಷವಾದಾಗಲೂ ಕೋಪ ಬಂದಾಗಲೂ ಅವನು ಅದನ್ನೇ ಬಡಿಯುತ್ತಾನೆ. ಕೊನೆಗೆ ಅದನ್ನು ಬಡಿಯುತ್ತಲೇ ಸಾಯುತ್ತಾನೆ. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಸಂದಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರು ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಪ್ರಶಸ್ತಿಗಿಂತ ದೊಡ್ಡದಾದ ಸಂಗತಿಯೊಂದು ಇಲ್ಲಿದೆ. ವಾದ್ಯವು ಹಾಡಿನ ಹಿಂದಿನ ಅಲಂಕಾರವಾಗಿರದೆ, ಮಾತು ಸೋತ ಮನುಷ್ಯನ ನಾಲಿಗೆಯೇ ಆಗಬಲ್ಲದೆಂಬುದನ್ನು ಕಾರಂತರು ಈ ಚಿತ್ರದಲ್ಲಿ ತೋರಿಸಿದರು. ಮುಂದೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಗಳು ದೊರೆತವು.

1977ರಲ್ಲಿ ಕಾರಂತರು ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾಗಿ ಹೋದರು. ಅವರಿಗಿಂತ ಮೊದಲು ಹದಿನೈದು ವರ್ಷ ಆ ಪೀಠದಲ್ಲಿದ್ದವರು ಇಬ್ರಾಹಿಂ ಅಲ್ಕಾಜಿ. ಶಿಸ್ತು, ರಂಗವಿನ್ಯಾಸ, ಪಾಶ್ಚಾತ್ಯ ನಾಟಕಗಳ ಗಾಢ ಪರಿಚಯ ಇವು ಅಲ್ಕಾಜಿಯವರು ಶಾಲೆಗೆ ಕೊಟ್ಟ ಆಸ್ತಿ. ಕಾರಂತರು ಅದನ್ನು ಕೆಡವಲಿಲ್ಲ. ಅದರ ಬಾಗಿಲುಗಳನ್ನು ತೆರೆದರು. ಶಾಲೆಯ ಶಿಬಿರಗಳು ದೆಹಲಿಯಿಂದ ಹೊರಟು ಮದುರೆಯಂತಹ ದೂರದ ಊರುಗಳಿಗೂ ಹೋದವು. ಪ್ರಾದೇಶಿಕ ರಂಗಪ್ರಕಾರಗಳು ವಸ್ತುಸಂಗ್ರಹಾಲಯದ ವಸ್ತುಗಳಾಗದೆ, ಇಂದಿನ ನಟನ ಮೈಗೆ ಒಗ್ಗಬೇಕಾದ ವಿದ್ಯೆಗಳಾದವು. ‘ಬರ್ನಂ ವನ’ ಮೂಡಿದ್ದು ಈ ಹಿನ್ನೆಲೆಯಲ್ಲಿ.

ಕನ್ನಡಿಗರಿಗೆ ‘ಮ್ಯಾಕ್‌ಬೆತ್’ ಹೊಸದಾಗಿರಲಿಲ್ಲ. ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲಿಯೇ ಅದನ್ನು ‘ಪ್ರತಾಪರುದ್ರದೇವ’ನೆಂಬ ಹೆಸರಿನಲ್ಲಿ ರೂಪಾಂತರಿಸಿದ್ದರು. ಆಮೇಲೆ ಡಿ.ವಿ. ಗುಂಡಪ್ಪನವರು ಅದನ್ನು ಕನ್ನಡಕ್ಕೆ ಅನುವಾದಿಸಿದರು. ಮೊದಲನೆಯದು ಹೆಸರುಗಳನ್ನೂ ದೇಶವನ್ನೂ ಬದಲಿಸಿ ಕಥೆಯನ್ನು ಭಾರತದ್ದನ್ನಾಗಿ ಮಾಡಿದರೆ, ಎರಡನೆಯದು ಮೂಲದ ಮಾತನ್ನು ಕನ್ನಡದ ಮಾತಿಗೆ ತಂದಿತು. ಕಾರಂತರು ಹಿಡಿದದ್ದು ಮೂರನೆಯ ದಾರಿ. ಅನುವಾದವನ್ನು ಹಿಂದಿಯ ಕವಿ ರಘುವೀರ ಸಹಾಯ್ ಮಾಡಿದರು. ಶೀರ್ಷಿಕೆಯಲ್ಲಿ ಸ್ಕಾಟ್ಲೆಂಡಿನ ಕಾಡಿನ ಹೆಸರು ಉಳಿಯಿತು. ಬದಲಾದದ್ದು ನಾಟಕದ ದೇಹ: ನಟ ನಿಲ್ಲುವ ಬಗೆ, ಪ್ರವೇಶಿಸುವ ಬಗೆ, ಕತ್ತಿ ಎತ್ತುವ ಬಗೆ, ಇವೆಲ್ಲಕ್ಕೂ ಆಧಾರವಾದ ತಾಳ.

ಈ ಹೊಂದಿಕೆ ಹೊರಗಿನಿಂದ ಹೇರಿದ್ದೆಂದು ಹೇಳಲಾಗದು. ಶೇಕ್ಸ್‌ಪಿಯರನ ನಾಟಕದಲ್ಲಿಯೇ ಪೆಟ್ಟಿನ ಸದ್ದು ಅಡಗಿದೆ. ಮೂವರು ಮಾಟಗಾತಿಯರು ಮ್ಯಾಕ್‌ಬೆತ್‌ನನ್ನು ನೋಡುವ ಮೊದಲು ಅವನ ಬರವನ್ನು ತಿಳಿಯುವುದು ಭೇರಿಯ ಸದ್ದಿನಿಂದ. ಮುದಿ ದೊರೆ ಡಂಕನ್ ನಿದ್ರೆಯಲ್ಲಿಯೇ ಕೊಲೆಯಾದ ಮೇಲೆ ಕೋಟೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ. ಆ ಬಡಿತ ಕೊಲೆಗಾರನ ಎದೆಬಡಿತವೇ ಆಗಿ ಕೇಳಿಸುತ್ತದೆ. ಕೊನೆಯಲ್ಲಿ ಸೈನಿಕರು ಮರದ ಕೊಂಬೆಗಳನ್ನು ಹಿಡಿದು ಮುನ್ನಡೆದಾಗ ಮತ್ತೆ ರಣಭೇರಿ. ಭೇರಿಯಿಂದ ಮೊದಲಾಗಿ ಭೇರಿಯಲ್ಲಿ ಮುಗಿಯುವ ನಾಟಕವಿದು. ಯಕ್ಷಗಾನವನ್ನು ಬಲ್ಲವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಭಾಗವತರ ಪದಕ್ಕೆ ಮದ್ದಳೆ ಜೊತೆಯಾಗಿ ನಡೆಯುತ್ತದೆ. ಎರಡು ಕೋಲುಗಳ ಚೆಂಡೆ ಕದನಕ್ಕೂ ಕ್ರೋಧಕ್ಕೂ ಭಯಾನಕಕ್ಕೂ ಎಚ್ಚರಗೊಳ್ಳುತ್ತದೆ. ಬಣ್ಣದ ವೇಷ ತೆರೆಯ ಹಿಂದೆ ನಿಂತಿರುವಾಗಲೇ ಅದರ ಭಯಂಕರತೆ ಸದ್ದಾಗಿ ಸಭೆಯನ್ನು ತಲುಪಿರುತ್ತದೆ. ಮ್ಯಾಕ್‌ಬೆತ್ ವೀರನಾಗಿ ಬಂದು ರಾಕ್ಷಸನಾಗಿ ಸಾಯುವವನು. ವೀರ ಮತ್ತು ರಾಕ್ಷಸ ಎರಡಕ್ಕೂ ಬೇರೆಬೇರೆ ನಡೆಗಳನ್ನು ಕಟ್ಟಿಟ್ಟಿರುವ ರಂಗಪರಂಪರೆಗೆ ಇವನ ಪತನವನ್ನು ಕಾಲಿನ ಗತಿಯಲ್ಲಿಯೇ ಹೇಳುವ ಶಕ್ತಿಯಿದೆ.

ಕಾರಂತರು ನಾಟಕದ ಹೆಸರನ್ನು ನಾಯಕನಿಂದ ಕಿತ್ತು ಕಾಡಿಗೆ ಕೊಟ್ಟದ್ದರಲ್ಲಿಯೇ ಅವರ ವ್ಯಾಖ್ಯಾನವಿದೆ. ಮೂಲದಲ್ಲಿ ಬರ್ನಂ ಕಾಡು ಕೊನೆಯಲ್ಲಿ ಬರುವ ಒಂದು ತಂತ್ರ. ಕಾಡು ನಡೆದು ಬರುವವರೆಗೆ ಸೋಲಿಲ್ಲವೆಂಬ ಭರವಸೆ ಸುಳ್ಳಾಗುವ ಕ್ಷಣ. ಕಾರಂತರಿಗೆ ಅದು ಮೊದಲಿನಿಂದಲೂ ಮನುಷ್ಯನನ್ನು ಸುತ್ತಿಕೊಂಡಿರುವ ಮಹತ್ವಾಕಾಂಕ್ಷೆಯ ಕಾಡು. ದಾರಿಯಿದೆಯೆಂದು ನುಗ್ಗಿದವನಿಗೆ ಒಳಹೊಕ್ಕಷ್ಟೂ ಸಿಕ್ಕು ಹೆಚ್ಚುತ್ತದೆ. ಹೊರಗಿನ ಕಾಡು ಕೋಟೆಗೆ ಬರುವುದಕ್ಕೆ ಬಹಳ ಮೊದಲೇ ಒಳಗಿನ ಕಾಡು ಅವನನ್ನು ನುಂಗಿರುತ್ತದೆ.

ದುರಂತವನ್ನು ತಾಳದ ಮೇಲೆ ನಿಲ್ಲಿಸುವ ಈ ಹಂಬಲ ಬೇರೆ ನಾಡುಗಳಲ್ಲಿಯೂ ಕಂಡುಬಂದದ್ದೇ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆರ್ಸನ್ ವೆಲ್ಸ್ ಕಪ್ಪು ಕಲಾವಿದರೊಡನೆ ‘ಮ್ಯಾಕ್‌ಬೆತ್’ ಆಡಿಸಿದಾಗ ಕಥೆಯನ್ನು ಹೈಟಿಯನ್ನು ಹೋಲುವ ದ್ವೀಪಕ್ಕೆ ಸಾಗಿಸಿ, ಆಫ್ರಿಕಾದ ಡೋಲು ಬಾರಿಸುವವರನ್ನು ರಂಗಕ್ಕೆ ತಂದರು. 1968ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾಕ್ ಗುಡ್ ‘ಒಥೆಲೊ’ವನ್ನು ‘ಕ್ಯಾಚ್ ಮೈ ಸೋಲ್’ ಎಂಬ ರಾಕ್ ಸಂಗೀತನಾಟಕವಾಗಿ ಮಾಡಿದರು. ಅಲ್ಲಿ ಖಳನಾಯಕ ಇಯಾಗೊನಾಗಿ ರಾಕ್ ಗಾಯಕ ಜೆರ್ರಿ ಲೀ ಲೂಯಿಸ್ ಕಾಣಿಸಿಕೊಂಡರು. ಈ ಮೂವರಿಗೂ ಇದ್ದ ಅತೃಪ್ತಿ ಒಂದೇ ಬಗೆಯದು: ದೊಡ್ಡ ದುರಂತವು ಗೌರವದಿಂದ ಒಪ್ಪಿಸುವ ಪಾಠವಾಗಿ, ಪ್ರೇಕ್ಷಕನ ಮೈಯನ್ನು ಮುಟ್ಟದೆ ಉಳಿಯುತ್ತಿದೆಯೆಂಬುದು. ಅವರು ಹುಡುಕಿದ ಮದ್ದು ಬೇರೆಬೇರೆ. ರಾಕ್ ಸಂಗೀತ ತನ್ನ ಕಾಲದ ಯುವಜನರ ರಕ್ತವನ್ನು ಬಿಸಿ ಮಾಡಿತು. ಕಾರಂತರು ಶತಮಾನಗಳಿಂದ ಬಯಲಿನ ಪ್ರೇಕ್ಷಕರನ್ನು ಬೆಳಗಿನವರೆಗೆ ಎಚ್ಚರವಿಟ್ಟ ತಾಳಕ್ಕೆ ಮೊರೆಹೋದರು.

ಆದರೆ ಈ ದಾರಿ ನಿರ್ವಿವಾದವಾದುದಲ್ಲ. ಯಕ್ಷಗಾನದ ಕಡೆಯಿಂದ ಒಂದು ಆಕ್ಷೇಪ ಏಳುತ್ತದೆ. ಆಶುವಾದ ಅರ್ಥಗಾರಿಕೆ ಯಕ್ಷಗಾನದ ಜೀವ. ಭಾಗವತರ ಪದವನ್ನು ಹಿಡಿದು ಕಲಾವಿದ ರಂಗದಲ್ಲಿಯೇ ಮಾತು ಕಟ್ಟುತ್ತಾನೆ. ಶೇಕ್ಸ್‌ಪಿಯರನ ಮಾತು ಮೊದಲೇ ಬರೆದದ್ದು, ಬದಲಿಸಲಾಗದ್ದು. ಆಶುಮಾತಿಲ್ಲದೆ ನಡೆಯನ್ನೂ ವಾದ್ಯವನ್ನೂ ಮಾತ್ರ ಎತ್ತಿಕೊಂಡರೆ ಅದು ಯಕ್ಷಗಾನವೆನಿಸೀತೆ? ದುರಂತ ನಾಟಕದ ಕಡೆಯಿಂದ ಇನ್ನೊಂದು ಆಕ್ಷೇಪ. ಮ್ಯಾಕ್‌ಬೆತ್‌ನ ದುರಂತ ನಡೆಯುವುದು ಅವನ ಸ್ವಗತಗಳಲ್ಲಿ, ಗಾಳಿಯಲ್ಲಿ ತೂಗುವ ಕಠಾರಿಯನ್ನು ಕಾಣುವ ಅವನ ಮನಸ್ಸಿನಲ್ಲಿ, ನಿದ್ದೆಯಲ್ಲಿ ಎದ್ದು ಬಂದು ಕೈತೊಳೆಯುವ ಅವನ ಹೆಂಡತಿಯ ಪಿಸುಮಾತಿನಲ್ಲಿ. ಅಬ್ಬರದ ವಾದ್ಯ ಆ ಪಿಸುಮಾತನ್ನು ನುಂಗಿಹಾಕದೆ?

ಎರಡೂ ಆಕ್ಷೇಪಗಳು ತೂಕವುಳ್ಳವು. ಮೊದಲನೆಯದಕ್ಕೆ ಒಪ್ಪಿಗೆಯೇ ಉತ್ತರ: ‘ಬರ್ನಂ ವನ’ ಕಟ್ಟುನಿಟ್ಟಾದ ಅರ್ಥದಲ್ಲಿ ಯಕ್ಷಗಾನವಲ್ಲ. ಯಕ್ಷಗಾನದ ವ್ಯಾಕರಣದಿಂದ ಕೆಲವು ಸೂತ್ರಗಳನ್ನು ಪಡೆದ ಆಧುನಿಕ ನಾಟಕವದು. ಶಿವರಾಮ ಕಾರಂತರು ಯಕ್ಷಗಾನದ ಒಳಗೇ ನಿಂತು ಮಾತನ್ನು ಕಡಿಮೆಗೊಳಿಸಿ, ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿ ಪ್ರಯೋಗ ಮಾಡಿದರು. ಬಿ.ವಿ. ಕಾರಂತರು ಹೊರಗೆ ನಿಂತು ಸಾಲ ಪಡೆದರು. ಪಡೆದದ್ದು ಸಾಲವೆಂಬ ಅರಿವಿರುವವರೆಗೆ ಅದರಿಂದ ಮೂಲಕ್ಕೆ ನಷ್ಟವಿಲ್ಲ. ಎರಡನೆಯ ಆಕ್ಷೇಪಕ್ಕೆ ಉತ್ತರ ಅವರ ಒಟ್ಟು ರಂಗಸಂಗೀತದಲ್ಲಿದೆ. ತಾಳವೆಂದರೆ ಪೆಟ್ಟುಗಳ ಮೊತ್ತವಲ್ಲ. ಪೆಟ್ಟಿಗೂ ಪೆಟ್ಟಿಗೂ ನಡುವಣ ಬಿಡುವಿನಿಂದಲೇ ತಾಳ. ಚೆಂಡೆ ಒಮ್ಮೆಗೇ ನಿಂತಾಗ ಬಯಲಿನಲ್ಲಿ ಉಂಟಾಗುವ ಮೌನವನ್ನು ಅನುಭವಿಸಿದವರಿಗೆ ಅದರ ಭಾರ ಗೊತ್ತು. ಪಿಸುಮಾತಿಗೆ ಸ್ಥಳ ದೊರೆಯುವುದು ಅಲ್ಲಿ. ನಾಟಕದಲ್ಲಿ ಸಂಗೀತವು ತನ್ನನ್ನು ಮೆರೆಸಿಕೊಳ್ಳಬಾರದೆಂಬ ಪಾಠವನ್ನು ಕಂಪನಿಯ ದಿನಗಳು ಅವರಿಗೆ ಕಲಿಸಿದ್ದವು. ಹಾಡಿಗಾಗಿ ನಾಟಕವನ್ನು ನಿಲ್ಲಿಸುವ ಪದ್ಧತಿಯಿಂದ ಬಂದವರು ನಾಟಕ ನಿಲ್ಲದಂತೆ ಹಾಡುವ ಪದ್ಧತಿಯನ್ನು ಕಟ್ಟಿದರು. ದಿನಬಳಕೆಯ ಸಾಮಾನುಗಳ ಸದ್ದೂ, ನಟರ ಉಸಿರು ಮತ್ತು ಕೂಗುಗಳೂ ಅವರ ಕೈಯಲ್ಲಿ ವಾದ್ಯಗಳಾದವು.

ನಾಟಕ ಶಾಲೆಯ ಅವಧಿ 1981ರಲ್ಲಿ ಮುಗಿಯಿತು. ಅದೇ ವರ್ಷ ಅವರಿಗೆ ಪದ್ಮಶ್ರೀ ಸಂದಿತು. ಮುಂದೆ ಭೋಪಾಲದ ಭಾರತ ಭವನದಲ್ಲಿ ರಂಗಮಂಡಲವನ್ನು ಕಟ್ಟಿ, ಬುಂದೇಲಿಯಂತಹ ಆಡುನುಡಿಗಳನ್ನು ರಂಗಕ್ಕೆ ತಂದರು. 1986ರಲ್ಲಿ ಅಲ್ಲಿನ ನಟಿಯೊಬ್ಬರು ಬೆಂಕಿಯಿಂದ ಸುಟ್ಟ ಘಟನೆಯಲ್ಲಿ ಕಾರಂತರ ಮೇಲೆ ಗಂಭೀರ ಮೊಕದ್ದಮೆ ಹೂಡಲಾಯಿತು. ಅವರು ಬಂಧನಕ್ಕೂ ಒಳಗಾದರು. ಬಳಿಕ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ದುರಂತ ನಾಟಕಗಳನ್ನು ಆಡಿಸಿದವರ ಬದುಕಿನಲ್ಲಿಯೇ ಕತ್ತಲಿನ ಅಂಕವೊಂದು ನಡೆದುಹೋಯಿತು.

ಕರ್ನಾಟಕ ಅವರನ್ನು ಮತ್ತೆ ಕರೆಯಿತು. 1989ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣಕ್ಕೆ ಅವರು ಮೊದಲ ನಿರ್ದೇಶಕರಾದರು. 1995ರವರೆಗೆ ಅದನ್ನು ನಡೆಸಿದರು. ನಾಟಕವನ್ನೇ ವೃತ್ತಿಯಾಗಿ ಸ್ವೀಕರಿಸಿದ ತರುಣ ತರುಣಿಯರ ತಂಡವೊಂದು ಹಾಡು, ಕುಣಿತ, ಮಾತು, ಮೌನಗಳೆಲ್ಲವನ್ನೂ ಒಟ್ಟಿಗೆ ಕಲಿಯುವ ಮನೆ ಅದಾಯಿತು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ವನ್ನೂ ಅವರು ರಂಗಕ್ಕೆ ತಂದರು. ಕೃಷ್ಣ ಗೋಕುಲವನ್ನು ಬಿಟ್ಟುಹೋಗುವ ಆ ಕಥೆಯಲ್ಲಿ ಸಾವಿಲ್ಲ, ಕತ್ತಿಯಿಲ್ಲ, ಭೇರಿಯಿಲ್ಲ. ಅಗಲಿಕೆ ಮಾತ್ರ ಇದೆ. ‘ಬರ್ನಂ ವನ’ದ ಅಬ್ಬರವನ್ನು ಕಟ್ಟಿದ ಕೈಯೇ ಈ ಮೆಲುದನಿಯನ್ನೂ ಕಟ್ಟಿತು. ವಾದ್ಯದ ಅಬ್ಬರದಲ್ಲಿ ಅಂತರಂಗ ಕಳೆದುಹೋದೀತೆಂಬ ಅನುಮಾನಕ್ಕೆ ಅವರು ಕೊಟ್ಟ ಉತ್ತರ ಇದೇ ಎನ್ನಬಹುದು. ಮಕ್ಕಳಿಗಾಗಿ ಅವರು ಆಡಿಸಿದ ‘ಪಂಜರ ಶಾಲೆ’ ಇಂದಿಗೂ ಕನ್ನಡ ಶಾಲೆಗಳ ರಂಗಗಳಲ್ಲಿ ಜೀವಂತವಾಗಿದೆ.

ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನೂರಕ್ಕೂ ಹೆಚ್ಚು ನಾಟಕಗಳನ್ನು ಅವರು ನಿರ್ದೇಶಿಸಿದ್ದರು. ಕನ್ನಡ, ಹಿಂದಿಗಳಲ್ಲದೆ ತೆಲುಗು, ತಮಿಳು, ಮಲಯಾಳಂ, ಪಂಜಾಬಿ, ಸಂಸ್ಕೃತ ಮೊದಲಾದ ಭಾಷೆಗಳಲ್ಲಿಯೂ ಅವರ ರಂಗಕಾರ್ಯ ಹರಡಿತ್ತು. ಅವರು ಹೇಳಿದ ಜೀವನಕಥನವನ್ನು ವೈದೇಹಿಯವರು ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂಬ ಗ್ರಂಥವಾಗಿ ನಿರೂಪಿಸಿದ್ದಾರೆ. ಮಂಚಿಯಿಂದ ಗುಬ್ಬಿ ಕಂಪನಿಗೆ, ಕಾಶಿಗೆ, ದೆಹಲಿಗೆ, ಭೋಪಾಲಕ್ಕೆ, ಮೈಸೂರಿಗೆ ಅಲೆದ ಬದುಕಿಗೆ ಆ ಹೆಸರು ಒಪ್ಪುತ್ತದೆ.

ಗಡಿಯಾಚೆಗಿನ ಕನ್ನಡ ವಿದ್ಯಾರ್ಥಿಗಳಿಗೆ ಈ ಬದುಕಿನಲ್ಲಿ ವಿಶೇಷವಾದ ಬೆಳಕಿದೆ. ಊರಿನ ಬಯಲಿನಲ್ಲಿ ಕೇಳಿದ ತಾಳವನ್ನು ಹಳೆಯ ಕಾಲದ್ದೆಂದು ಕೆಳಗಿಡದೆ, ಪವಿತ್ರವೆಂದು ಪೆಟ್ಟಿಗೆಯಲ್ಲಿಯೂ ಇಡದೆ, ಅದರ ಶಕ್ತಿ ಎಷ್ಟು ದೂರ ಹೋಗಬಲ್ಲದೆಂದು ಕಾರಂತರು ಪರೀಕ್ಷಿಸಿದರು. ಅದು ಸ್ಕಾಟ್ಲೆಂಡಿನ ಕಾಡಿನವರೆಗೂ ಹೋಯಿತು. ದುಡಿಯೊಂದಿಗೆ ಪ್ರಾಣಬಿಟ್ಟ ಚೋಮನಿಗೂ ಭೇರಿಯ ನಡುವೆ ಸತ್ತ ಮ್ಯಾಕ್‌ಬೆತ್‌ಗೂ ಅಂತರ ಬಹಳ. ಒಬ್ಬನಿಗೆ ನ್ಯಾಯವಾದ ತುಂಡು ನೆಲವೂ ದಕ್ಕಲಿಲ್ಲ. ಇನ್ನೊಬ್ಬನಿಗೆ ಅನ್ಯಾಯದಿಂದ ದಕ್ಕಿದ ರಾಜ್ಯವೂ ಸಾಲಲಿಲ್ಲ. ಆ ಇಬ್ಬರ ಸಂಕಟವನ್ನೂ ತಾಳದಲ್ಲಿ ಹಿಡಿದವರು ಮಂಚಿಯ ಒಬ್ಬ ಮನೆಬಿಟ್ಟ ಹುಡುಗ.